ಅವರೆಬೇಳೆ, ಕರಿಬೇವು, ಮಾವು: ದೇವನಹಳ್ಳಿಯಿಂದ ವಿಮಾನದಲ್ಲಿ ಕಳಿಸುವ ಸೇವೆ ನನಗೆ ಹೇಗೆ ಕಂಡಿತು

ಮೊದಲೇ ಹೇಳಿಬಿಡುತ್ತೇನೆ. ವಿಮಾನ ಹಾರುತ್ತಿರುವಾಗ ನಮ್ಮ ಸರಕಿಗೆ ಹೆಚ್ಚೇನೂ ಆಗುವುದಿಲ್ಲ. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ಸಿಂಗಪುರಕ್ಕೆ ನಾಲ್ಕೂವರೆ. ಕೆಡುವುದೆಲ್ಲ ನೆಲದ ಮೇಲೆ, ಕಾಯುವಾಗ. ಶೆಡ್ಡಿನ ಬಾಗಿಲಲ್ಲಿ, ಎಕ್ಸ್‌ರೇ ಸಾಲಿನಲ್ಲಿ, ವಿಮಾನದ ಪಕ್ಕದ ಬಿಸಿಲಲ್ಲಿ. ಆ ಹೊತ್ತನ್ನು ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೋ ಅವರೇ ಒಳ್ಳೆ ಏಜೆಂಟ್. ನಾನು ಈಗ ಬಳಸುತ್ತಿರುವ ಫಾರ್ವರ್ಡರ್‌ಗೆ, ಅಂದರೆ ನಮ್ಮ ಸರಕನ್ನು ವಿಮಾನಕ್ಕೆ ಹತ್ತಿಸಿಕೊಡುವ ಏಜೆಂಟರಿಗೆ, ಐದರಲ್ಲಿ ನಾಲ್ಕು ಅಂಕ. ಉಳಿದ ಒಂದು ಅಂಕ ಎಲ್ಲಿ ಹೋಯಿತು ಅಂತಲೂ ಹೇಳುತ್ತೇನೆ. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ. ಯಾವ ಏಜೆಂಟನ್ನಾದರೂ ಅಳೆದು ನೋಡೋದಕ್ಕೆ ನಿಮಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಚಿಂತಾಮಣಿ ತಾಲ್ಲೂಕು. ಮನೆಯವರು ಮತ್ತು ಮೈದುನ ತೋಟ ನೋಡಿಕೊಳ್ಳುತ್ತಾರೆ. ಕೊಯ್ದದ್ದನ್ನು ಆರಿಸುವುದು, ಪ್ಯಾಕ್ ಮಾಡಿಸುವುದು, ಕಳಿಸುವುದು ನನ್ನ ಕೆಲಸ. ವರ್ಷವಿಡೀ ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ, ನುಗ್ಗೆಕಾಯಿ. ಬೇಸಿಗೆ ಕೊನೆಗೆ ಶ್ರೀನಿವಾಸಪುರದ ಕಡೆಯ ನೆಂಟರ ತೋಟದಿಂದ ಬಾದಾಮಿ, ಮಲ್ಲಿಕಾ ಮಾವು. ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ, ಫ್ರೀಜ್ ಮಾಡಿ. ದುಬೈ ಮತ್ತು ಸಿಂಗಪುರದಲ್ಲಿ ನಮ್ಮವರೇ ನಡೆಸುವ ದಿನಸಿ ಅಂಗಡಿಗಳಿಗೆ ಹೋಗುತ್ತದೆ.

ಅವರೆಬೇಳೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದೇ ಅತ್ಯಂತ ಕಷ್ಟದ್ದು. ಸೊಗಡಿರುವ ಕಾಯಿ ನಮ್ಮ ಕಡೆ ಸಿಗುವುದು ಡಿಸೆಂಬರ್, ಜನವರಿಯಲ್ಲಿ. ನಮ್ಮ ಊರಿನ ಹೆಂಗಸರು ಸಂಜೆ ಕಾಳು ಬಿಡಿಸಿ ನೆನೆಹಾಕುತ್ತಾರೆ, ಬೆಳಿಗ್ಗೆ ಹಿತಕುತ್ತಾರೆ. ಬಿಸಿನೀರಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಬಟ್ಟೆ ಮೇಲೆ ನೀರು ಆರಿಸಿ ಫ್ರೀಜರಿಗೆ. ಅಲ್ಲಿಂದ ಅಂಗಡಿಯ ಫ್ರೀಜರ್ ತಲುಪುವವರೆಗೂ ಮೈನಸ್ 18 ಡಿಗ್ರಿ ಇರಬೇಕು. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಬೇಳೆ ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗುತ್ತದೆ. ಪ್ಯಾಕೆಟ್ಟಿನ ಒಳಗೆ ಹಿಮದ ಹರಳು ಕಾಣುತ್ತದೆ. ಸಾರು ಮಾಡಿದರೆ ಬೇಳೆ ಕರಗಿ ಗೊಜ್ಜಾಗುತ್ತದೆ. ಸಂಕ್ರಾಂತಿಗೆ ಅಂತ ಕಾದು ಕೊಂಡವರಿಗೆ ಅಂಥದ್ದು ಸಿಕ್ಕರೆ ನನಗೆ ಸಂಕಟ ಆಗುತ್ತದೆ. ಒಂದೊಂದು ಕಾಳನ್ನೂ ಕೈಯಲ್ಲಿ ಹಿತಕಿದ ಬೇಳೆ ಅದು.

ವಿಮಾನದಲ್ಲಿ ಇದಕ್ಕೆ ಫ್ರಿಜ್ ಇರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮಂಥವರ ಸರಕು ಹೋಗುವುದು ಸಾಮಾನ್ಯವಾಗಿ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ. ಅಲ್ಲಿ ಮೈನಸ್ 18 ಇರುವುದಿಲ್ಲ. ಡಬ್ಬದೊಳಗೆ ನಾವು ಇಟ್ಟ ಚಳಿಯೇ ಗತಿ. ಅದಕ್ಕೆ ಡ್ರೈ ಐಸ್ ಬೇಕು. ಅದು ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿಯದು. ಕರಗಿ ನೀರಾಗುವುದಿಲ್ಲ, ನೇರವಾಗಿ ಅನಿಲವಾಗಿ ಹೋಗುತ್ತದೆ. ಡಬ್ಬದ ಗಾತ್ರ ನೋಡಿಕೊಂಡು ದಿನಕ್ಕೆ 2ರಿಂದ 4 ಕೆಜಿ ಹಾಗೆ ಹೋಗಿಬಿಡುತ್ತದೆ. ಚಳಿಗಾಳಿ ಕೆಳಗಿಳಿಯುವುದರಿಂದ ಅದನ್ನು ಬೇಳೆಯ ಮೇಲೆ ಇಡಬೇಕು. ಥರ್ಮಾಕೋಲ್ ಡಬ್ಬವನ್ನು ಗಾಳಿ ಆಡದಂತೆ ಟೇಪು ಸುತ್ತಿ ಮುಚ್ಚಬಾರದು, ಅನಿಲ ಹೊರಗೆ ಹೋಗೋದಕ್ಕೆ ದಾರಿ ಬೇಕು. ಇಲ್ಲದಿದ್ದರೆ ಡಬ್ಬ ಉಬ್ಬಿ ಒಡೆಯುತ್ತದೆ.

ಇನ್ನೊಂದು ವಿಷಯ. ಡ್ರೈ ಐಸ್ ವಿಮಾನದ ಲೆಕ್ಕದಲ್ಲಿ ಅಪಾಯಕಾರಿ ಸರಕು. ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದರ ನಂಬರ್ ಯುಎನ್ 1845, ಒಂಬತ್ತನೇ ವರ್ಗ. ಪ್ರತಿ ಡಬ್ಬದ ಮೇಲೆ ಆ ಲೇಬಲ್, ಒಳಗೆ ಎಷ್ಟು ಕೆಜಿ ಡ್ರೈ ಐಸ್ ಇದೆ ಅನ್ನುವುದು, ಎರಡೂ ಇರಬೇಕು. ಏರ್ ವೇ ಬಿಲ್, ಅಂದರೆ ವಿಮಾನ ಸರಕಿನ ಸಾಗಣೆ ಚೀಟಿಯಲ್ಲೂ ಬರೆಯಬೇಕು. ಒಂದು ವಿಮಾನಕ್ಕೆ ಇಷ್ಟೇ ಅಂತ ವಿಮಾನ ಕಂಪನಿ ಮಿತಿ ಹಾಕಿರುತ್ತದೆ. ಹೊರಬರುವ ಅನಿಲ ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳುತ್ತದಲ್ವಾ, ಅದಕ್ಕೆ. ಜೀವಂತ ಪ್ರಾಣಿ ಹೋಗುತ್ತಿದ್ದರೆ ಅದರ ಹತ್ತಿರ ಇಡುವಂತಿಲ್ಲ. ನಮ್ಮ ಫಾರ್ವರ್ಡರ್ ಇಲ್ಲಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತಾರೆ. ಬುಕಿಂಗ್ ಮಾಡುವಾಗಲೇ ಡ್ರೈ ಐಸ್ ಎಷ್ಟು ಕೆಜಿ ಅಂತ ಕೇಳಿ, ವಿಮಾನ ಕಂಪನಿಯಿಂದ ಒಪ್ಪಿಗೆ ತಂದು, ಆಮೇಲೆ ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ಒಪ್ಪಿಗೆ ಬಂತು, ಈಗ ಪ್ಯಾಕ್ ಮಾಡಿಸಿ" ಅಂತ. ಅಲ್ಲಿಯವರೆಗೆ ನಾನು ಒಂದು ಪ್ಯಾಕೆಟ್ಟನ್ನೂ ಫ್ರೀಜರಿನಿಂದ ತೆಗೆಸುವುದಿಲ್ಲ.

ಅವರೆ ಕಾಲಕ್ಕೇ ದೇವನಹಳ್ಳಿಯಲ್ಲಿ ಮಂಜು ಬೀಳುತ್ತದೆ. ಬೆಳಗಿನ ಜಾವದ ವಿಮಾನಗಳು ತಡವಾಗುತ್ತವೆ. ಪ್ಯಾಕ್ ಮಾಡುವಾಗಿನ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ನಮ್ಮ ಫಾರ್ವರ್ಡರ್ ಹಾರುವ ಸಮಯದ ಲೆಕ್ಕಕ್ಕೆ ಡ್ರೈ ಐಸ್ ಹಾಕಿಸುವುದಿಲ್ಲ. ನಮ್ಮ ಶೆಡ್ಡು ಬಿಟ್ಟಾಗಿನಿಂದ ಅಲ್ಲಿಯ ಅಂಗಡಿ ತಲುಪುವವರೆಗೆ ಎಷ್ಟು ಗಂಟೆ ಅಂತ ಎಣಿಸಿ, ಅದರ ಮೇಲೆ ಮಂಜಿಗೆ ಅಂತ ಪೂರ್ತಿ ಒಂದು ದಿನ ಸೇರಿಸಿ ಹಾಕಿಸುತ್ತಾರೆ. ತೂಕ ಜಾಸ್ತಿ, ಬಾಡಿಗೆ ಜಾಸ್ತಿ. ಆದರೂ ಅದು ಸರಿ. ಒಂದು ಡಬ್ಬ ಕರಗಿದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಇವರ ಹುಡುಗ ಹೇಳಿಕೊಟ್ಟ ಒಂದು ಉಪಾಯವನ್ನು ಎಲ್ಲರಿಗೂ ಹೇಳಬೇಕು. ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ತುಂಬಿ, ಅಡ್ಡ ಮಲಗಿಸಿ ಫ್ರೀಜರಿನಲ್ಲಿ ಗಟ್ಟಿ ಮಾಡಿ. ಮಂಜುಗಡ್ಡೆ ಬಾಟಲಿಯ ಒಂದು ಬದಿಗೆ ಉದ್ದಕ್ಕೆ ಅಂಟಿಕೊಂಡಿರುತ್ತದೆ. ಆ ಬಾಟಲಿಯನ್ನು ಡಬ್ಬದಲ್ಲಿ ನೇರ ನಿಲ್ಲಿಸಿ ಕಳಿಸಿ. ಅಲ್ಲಿ ತೆಗೆದಾಗ ಗಡ್ಡೆ ಬದಿಯಲ್ಲೇ ಇದ್ದರೆ ದಾರಿಯಲ್ಲಿ ಕರಗಿಲ್ಲ. ತಳಕ್ಕೆ ಇಳಿದು ಸಮತಟ್ಟಾಗಿ ಗಟ್ಟಿಯಾಗಿದ್ದರೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ. ದುಡ್ಡೇ ಬೇಡದ ಸಾಕ್ಷಿ. ಇದರ ಜೊತೆಗೆ ಅವರು ತಾಪಮಾನ ಬರೆದಿಡುವ ಲಾಗರ್ ಕೂಡ ಒಂದು ಡಬ್ಬದಲ್ಲಿ ಹಾಕುತ್ತಾರೆ. ಪೆನ್‌ಡ್ರೈವ್ ಥರ ಇರುತ್ತದೆ. ಅಲ್ಲಿಯ ಅಂಗಡಿಯವರು ಕಂಪ್ಯೂಟರಿಗೆ ಚುಚ್ಚಿದರೆ ಯಾವ ಗಂಟೆಗೆ ಎಷ್ಟು ಡಿಗ್ರಿ ಇತ್ತು ಅನ್ನುವುದು ಗೆರೆ ಎಳೆದು ತೋರಿಸುತ್ತದೆ. ಆ ಗೆರೆ ಎಲ್ಲಿ ಏರಿದೆ ಅಂತ ನೋಡಿದರೆ ತಪ್ಪು ನಮ್ಮ ಶೆಡ್ಡಿನದೋ, ಗಾಡಿಯದೋ, ನಿಲ್ದಾಣದ್ದೋ ಗೊತ್ತಾಗುತ್ತದೆ. ಲಾಗರ್ ಹಾಕೋದಿಲ್ಲ ಅನ್ನುವ ಏಜೆಂಟ್ ಹತ್ತಿರ ಫ್ರೋಜನ್ ಸರಕು ಕೊಡಬೇಡಿ. ಎಷ್ಟೇ ಕಡಿಮೆ ದರ ಹೇಳಿದರೂ ಬೇಡ.

ಈಗ ಮಾವು. ಇದರಲ್ಲಿ ನನಗೆ ಆದ ನೋವು ಹಿಂದಿನ ಏಜೆಂಟರಿಂದ. ನಾವು ಬೆಳಿಗ್ಗೆ ತೊಟ್ಟು ಉಳಿಸಿ ಕೊಯ್ದು, ಆಮೇಲೆ ತೊಟ್ಟು ಕತ್ತರಿಸಿ, ಬೋರಲು ಹಾಕಿ ಸೊನೆ ಇಳಿಸಿ, ಒಂದೊಂದು ಕಾಯನ್ನೂ ಒರೆಸಿ ಕಳಿಸಿದ್ದು. ಚರ್ಮದ ಮೇಲೆ ಒಂದು ಕಲೆ ಇರಲಿಲ್ಲ. ಅವರು ಎಲ್ಲಾನೂ ಪೆರಿಷಬಲ್, ಅಂದರೆ ಬೇಗ ಕೆಡುವ ಸರಕು, ಅಂತ ಹೇಳಿ ಸೊಪ್ಪಿನ ಜೊತೆ ತಣ್ಣನೆ ಕೋಣೆಗೆ ಹಾಕಿಸಿದರು. ಅದು ಸೊಪ್ಪಿಗೆ ಸರಿ. ಕೊತ್ತಂಬರಿಗೆ 2 ಡಿಗ್ರಿ ಹತ್ತಿರ ಇದ್ದರೆ ಸುಖ. ಹಸಿಮೆಣಸಿನಕಾಯಿಗೆ 7, 8 ಬೇಕು. ಮಾವಿಗೆ 12, 13ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಚಳಿ ಹೊಡೆಯುತ್ತದೆ. ಚರ್ಮ ಬೂದು ಬಣ್ಣಕ್ಕೆ ತಿರುಗಿ ಚುಕ್ಕೆ ಬೀಳುತ್ತದೆ, ಕಾಯಿ ಹಣ್ಣೇ ಆಗುವುದಿಲ್ಲ, ರುಚಿ ಬರುವುದಿಲ್ಲ. ದುಬೈ ಅಂಗಡಿಯವರು ಫೋಟೊ ಕಳಿಸಿದಾಗ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಏಜೆಂಟರನ್ನು ಕೇಳಿದರೆ "ತಣ್ಣಗೇ ಇಟ್ಟಿದ್ವಲ್ಲಾ ಮೇಡಂ" ಅಂದರು. ತಣ್ಣಗಿಟ್ಟಿದ್ದರಿಂದಲೇ ಹಾಳಾಯಿತು ಅನ್ನುವುದು ಅವರಿಗೆ ಅರ್ಥವೇ ಆಗಲಿಲ್ಲ.

ಸೊಪ್ಪು, ಮಾವು ಒಟ್ಟಿಗೆ ಇಟ್ಟರೆ ಸೊಪ್ಪಿಗೂ ಕೇಡು. ಹಣ್ಣಾಗುವ ಮಾವಿನಿಂದ ಎಥಿಲೀನ್ ಅನ್ನುವ ಅನಿಲ ಬರುತ್ತದೆ. ಪಕ್ಕದಲ್ಲಿ ಕೊತ್ತಂಬರಿ ಇದ್ದರೆ ಹಳದಿಯಾಗುತ್ತದೆ. ಈಗಿನ ಫಾರ್ವರ್ಡರ್ ಮೊದಲ ದಿನವೇ ಕೇಳಿದ್ದು, "ಅಕ್ಕಾ, ಯಾವುದಕ್ಕೆ ಎಷ್ಟು ಡಿಗ್ರಿ ಬೇಕು, ಬರೆದುಕೊಡಿ" ಅಂತ. ಬರೆದುಕೊಟ್ಟೆ. ಅದೇ ಪ್ರಕಾರ ಬೇರೆ ಬೇರೆ ಕೋಣೆಗೆ ಹೋಗುತ್ತದೆ. ಬೆಂಗಳೂರು ನಿಲ್ದಾಣದಲ್ಲಿ ಹಣ್ಣು, ತರಕಾರಿ, ಹೂವಿಗೆ ಅಂತಲೇ ಬೇರೆ ಬೇರೆ ತಾಪಮಾನದ ಕೋಣೆಗಳು ಇವೆ. ಸೌಲಭ್ಯ ಇದೆ. ನಮ್ಮ ಸರಕನ್ನು ಸರಿಯಾದ ಕೋಣೆಗೆ ಸೇರಿಸುವ ಮನುಷ್ಯ ಬೇಕು, ಅಷ್ಟೇ.

ಶ್ರೀನಿವಾಸಪುರದವರು ಸಿಕ್ಕಾಗಲೆಲ್ಲ ಅಮೆರಿಕಕ್ಕೆ ಕಳಿಸಬಹುದಾ ಅಂತ ಕೇಳುತ್ತಾರೆ. 2007ರಿಂದ ನಮ್ಮ ದೇಶದ ಮಾವು ಅಮೆರಿಕಕ್ಕೆ ಹೋಗುತ್ತಿದೆ. ಆದರೆ ಹುಳುಗಳ ಕಾಟ ತಡೆಯಲು ವಿಕಿರಣದ ಉಪಚಾರ ಆಗಿರಲೇಬೇಕು, ಕನಿಷ್ಠ 400 ಗ್ರೇ (ಗ್ರೇ ಅನ್ನುವುದು ವಿಕಿರಣದ ಅಳತೆ). ಕೋಲಾರ ಜಿಲ್ಲೆಯ ಮಾಲೂರಿನಲ್ಲೇ ಅದರ ಘಟಕ ಇದೆ. ಯುರೋಪಿನದು ಇನ್ನೊಂದು ಕಥೆ. ಹಣ್ಣುನೊಣದ ಹುಳು ಸಿಕ್ಕಿತು ಅಂತ 2014ರ ಮೇ ತಿಂಗಳಿಂದ ಅವರು ನಮ್ಮ ಮಾವನ್ನೇ ನಿಲ್ಲಿಸಿದ್ದರು. ಅದು ತೆರವಾದದ್ದು 2015ರ ಜನವರಿಯಲ್ಲಿ. ಕೆಲವರ ಡಬ್ಬದ ಹುಳು ಇಡೀ ದೇಶದ ರೈತರಿಗೆ ಬಾಗಿಲು ಹಾಕಿಸಬಹುದು. ಅದಕ್ಕೇ ಫೈಟೋ, ಅಂದರೆ ಸಸ್ಯ ಆರೋಗ್ಯದ ಪ್ರಮಾಣಪತ್ರ, ಬರೀ ಕಾಗದ ಅಂದುಕೊಳ್ಳಬೇಡಿ. ನಮ್ಮ ಫಾರ್ವರ್ಡರ್ "ನಿಮ್ಮ ಪ್ರಮಾಣಕ್ಕೆ ಅಮೆರಿಕ ಈಗ ಬೇಡ" ಅಂತ ನೇರವಾಗಿ ಹೇಳಿದರು. ಬಾಡಿಗೆ ಆಸೆಗೆ ಹೂಂ ಅನ್ನಲಿಲ್ಲ. ಆ ಮಾತಿಗೇ ನನಗೆ ನಂಬಿಕೆ ಬಂದದ್ದು.

ದುಡ್ಡಿನ ವಿಷಯ. ದರ ವಾರ ವಾರ ಬದಲಾಗುತ್ತದೆ, ಮಾವಿನ ಕಾಲಕ್ಕೆ ಏರುತ್ತದೆ. ಆದ್ದರಿಂದ ಅಂಕಿ ಬರೆದರೆ ಸುಮ್ನೆ ದಾರಿ ತಪ್ಪಿಸಿದಂತೆ. ಲೆಕ್ಕ ಹಾಕುವ ಕ್ರಮ ಗೊತ್ತಿದ್ದರೆ ಸಾಕು. ತೂಕ ಮತ್ತು ಗಾತ್ರ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಬೇಕು. ಕರಿಬೇವಿನ ಡಬ್ಬ 60, 40, 40 ಅಂತಿಟ್ಟುಕೊಳ್ಳಿ. 16 ಕೆಜಿ ಬರುತ್ತದೆ. ಒಳಗೆ 8 ಕೆಜಿ ಸೊಪ್ಪಿದ್ದರೂ 16ಕ್ಕೇ ದುಡ್ಡು. ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಅಲ್ಲಿ ಇದೇ ಡಬ್ಬ 19 ಕೆಜಿ ದಾಟುತ್ತದೆ. ಆದರೆ ಒಂದೇ ಏರ್ ವೇ ಬಿಲ್ಲಿನಲ್ಲಿ ಹಗುರದ್ದೂ ಭಾರದ್ದೂ ಸೇರಿಸಿದರೆ ಒಟ್ಟು ತೂಕ, ಒಟ್ಟು ಗಾತ್ರ ನೋಡುತ್ತಾರೆ. ಕರಿಬೇವಿನ ಜೊತೆ ಹಸಿಮೆಣಸಿನಕಾಯಿ ಹಾಕಿದರೆ ಖಾಲಿ ಜಾಗಕ್ಕೆ ಕೊಡುವ ದುಡ್ಡು ಉಳಿಯುತ್ತದೆ. ದರಕ್ಕೂ ಮೆಟ್ಟಿಲುಗಳಿವೆ: 45 ಕೆಜಿ, 100 ಕೆಜಿ, 300 ಕೆಜಿ ಹೀಗೆ. ಮೇಲಿನ ಮೆಟ್ಟಿಲಿಗೆ ಹೋದಂತೆ ಕೆಜಿ ದರ ಇಳಿಯುತ್ತದೆ. 90 ಕೆಜಿ ಇದ್ದಾಗ 100 ಕೆಜಿ ಅಂತಲೇ ಬಿಲ್ ಮಾಡಿಸಿದರೆ ಎಷ್ಟೋ ಸಲ ಅಗ್ಗ. ಇದನ್ನು ಇವರು ತಾವಾಗಿಯೇ ಹೇಳಿದರು. ಹಿಂದಿನವರು ಬಾಯಿಯೇ ಬಿಟ್ಟಿರಲಿಲ್ಲ.

ಮೂಲ ಬಾಡಿಗೆ ಮೇಲೆ ಇಂಧನದ ಸರ್‌ಚಾರ್ಜ್, ಸ್ಕ್ರೀನಿಂಗ್, ಟರ್ಮಿನಲ್ ಖರ್ಚು, ಏಜೆನ್ಸಿ ಖರ್ಚು ಸೇರುತ್ತವೆ. 2022ರ ಅಕ್ಟೋಬರ್‌ನಿಂದ ರಫ್ತಿನ ವಿಮಾನ ಬಾಡಿಗೆಗೆ ಇದ್ದ ಜಿಎಸ್‌ಟಿ ವಿನಾಯಿತಿಯೂ ಹೋಯಿತು, 18% ಕಟ್ಟಬೇಕು. ರಿಫಂಡಿಗೆ ಅರ್ಜಿ ಹಾಕಬಹುದು, ಆದರೆ ಬರುವವರೆಗೆ ನಮ್ಮಂಥ ಸಣ್ಣವರ ಕೈ ಕಟ್ಟಿಹಾಕುತ್ತದೆ. ಇವರ ಬಿಲ್ಲಿನಲ್ಲಿ ಪ್ರತಿಯೊಂದೂ ಬೇರೆ ಬೇರೆ ಸಾಲಿನಲ್ಲಿ ಇರುತ್ತದೆ. "ಇತರೆ" ಅನ್ನುವ ಸಾಲನ್ನು ನಾನು ಇವರ ಹತ್ತಿರ ನೋಡಿಲ್ಲ.

ಎಲ್ಲದಕ್ಕೂ ವಿಮಾನ ಬೇಕಾಗಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಕಡೆಯ ಗುಲಾಬಿ ಈರುಳ್ಳಿ, ಅದೇ 2015ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ಬೆಂಗಳೂರು ರೋಸ್, ಚೆನ್ನೈ ಬಂದರಿನಿಂದ ಕಂಟೇನರಿನಲ್ಲಿ ಮಲೇಷ್ಯಾ, ಸಿಂಗಪುರಕ್ಕೆ ಹೋಗುತ್ತದೆ. ಅದಕ್ಕೆ ಹಡಗೇ ಸರಿ. ಕೊಯ್ದ ಮರುದಿನವೇ ಬಾಡುವ ಸೊಪ್ಪಿಗೆ ಮಾತ್ರ ವಿಮಾನ ಬಿಟ್ಟರೆ ದಾರಿಯಿಲ್ಲ. ಅವರೆಬೇಳೆ ಕೂಡ ಪ್ರಮಾಣ ದೊಡ್ಡದಾದರೆ ಹಡಗಿನ ರೀಫರ್, ಅಂದರೆ ಫ್ರಿಜ್ ಇರುವ, ಕಂಟೇನರಿನಲ್ಲಿ ಹೋಗಬಹುದು. ನಮಗೆ ಅಷ್ಟು ಪ್ರಮಾಣ ಇಲ್ಲ, ಹಬ್ಬದ ದಿನ ಕಾಯುವುದೂ ಇಲ್ಲ.

ಈಗ ಹೋದ ಒಂದು ಅಂಕ. ಮೊದಲನೆಯದು ಆಫ್‌ಲೋಡ್. ಪ್ರಯಾಣಿಕರ ಲಗೇಜು ಜಾಸ್ತಿಯಾದರೆ ಕಾರ್ಗೋ ಇಳಿಸುತ್ತಾರೆ. ಇದು ಏಜೆಂಟರ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಇಳಿಸಿದ ಸುದ್ದಿ ಆ ಕ್ಷಣವೇ ನನಗೆ ಬರಬೇಕು. ಇವರು ರಾತ್ರಿ ಎರಡು ಗಂಟೆಗೆ ಎಬ್ಬಿಸುವುದು ಬೇಡ ಅಂತ ಬೆಳಿಗ್ಗೆ ಹೇಳಿದ್ದಿದೆ. ಎಬ್ಬಿಸಿ ಅಂತಲೇ ನಾನು ಹೇಳುವುದು. ರಾತ್ರಿಯೇ ಗೊತ್ತಾದರೆ ದುಬೈ ಅಂಗಡಿಯವರಿಗೆ ತಿಳಿಸಬಹುದು, ಡಬ್ಬ ಕೋಣೆಯ ಒಳಗೆ ವಾಪಸ್ ಹೋಯಿತಾ ಅಂತ ಕೇಳಬಹುದು. ಏರ್ ವೇ ಬಿಲ್ಲಿನ 11 ಅಂಕಿಯ ನಂಬರ್ ಇಟ್ಟುಕೊಂಡು ವಿಮಾನ ಕಂಪನಿಯ ಜಾಲತಾಣದಲ್ಲಿ ನಾನೇ ನೋಡುತ್ತೇನೆ. ಆದರೂ ಅದು ಅವರ ಕೆಲಸ.

ಎರಡನೆಯದು ಗಾಡಿ. ನಮ್ಮ ಶೆಡ್ಡಿನಿಂದ ಶಿಡ್ಲಘಟ್ಟ, ವಿಜಯಪುರ ದಾಟಿ ದೇವನಹಳ್ಳಿಗೆ ಒಂದೂವರೆ ಗಂಟೆ ದಾರಿ. ಫ್ರೋಜನ್‌ಗೆ ರೀಫರ್ ಗಾಡಿ ಕಳಿಸುತ್ತಾರೆ, ಚೆನ್ನಾಗಿದೆ. ಸೊಪ್ಪಿಗೆ ಮಾತ್ರ ಮಾಮೂಲಿ ಮುಚ್ಚಿದ ಗಾಡಿ. ಏಪ್ರಿಲ್ ಮಧ್ಯಾಹ್ನ ಅದರೊಳಗೆ ಕೈಯಿಟ್ಟರೆ ಗೊತ್ತಾಗುತ್ತದೆ. ಅದಕ್ಕೆ ನಾವು ಸೊಪ್ಪನ್ನು ಬೆಳಕು ಹರಿಯುವ ಮೊದಲೇ ಕೊಯ್ದು, ತಣ್ಣನೆ ಕೋಣೆಯಲ್ಲಿ ಬಿಸಿ ಇಳಿಸಿ, ಸೂರ್ಯ ಮುಳುಗಿದ ಮೇಲೆ ಗಾಡಿ ಹತ್ತಿಸುತ್ತೇವೆ. ಡ್ರೈವರ್ ಅಣ್ಣ ಒಳ್ಳೆಯವರು, ದಾರಿಯಲ್ಲಿ ಟೀಗೂ ನಿಲ್ಲಿಸುವುದಿಲ್ಲ. ಆದರೆ ಹೂವು ಬೆಳೆಯುವವರಿಗೆ ತಣ್ಣನೆ ಗಾಡಿ ಸಿಗುತ್ತದೆ ಅಂದಮೇಲೆ ಸೊಪ್ಪಿನವರಿಗೂ ಸಿಗಬೇಕು. ನಾಲ್ಕು ಊರಿನ ಸರಕು ಒಟ್ಟು ಮಾಡಿದರೆ ಗಾಡಿ ತುಂಬುತ್ತದೆ ಅಂತ ಅವರಿಗೆ ಹೇಳಿದ್ದೇನೆ. ಮುಂದಿನ ಬೇಸಿಗೆಗೆ ನೋಡೋಣ ಅಂದಿದ್ದಾರೆ.

ಏನಾದರೂ ಕೆಟ್ಟರೆ ಸುಮ್ಮನೆ ಕೂರಬೇಡಿ. ವಿಮಾನ ಸರಕಿಗೆ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದ ಇದೆ, ನಮ್ಮ ದೇಶ 2009ರಲ್ಲಿ ಸೇರಿದೆ. ಸರಕು ಹಾಳಾಗಿದ್ದರೆ ಕೈಗೆ ಸಿಕ್ಕ 14 ದಿನದೊಳಗೆ, ತಡವಾಗಿದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಪರಿಹಾರಕ್ಕೆ ಕೆಜಿ ಲೆಕ್ಕದ ಮಿತಿಯಿದೆ. ಸರಕಿನ ಸ್ವಭಾವದಿಂದಲೇ ಅಥವಾ ನಮ್ಮ ಪ್ಯಾಕಿಂಗ್‌ನಿಂದಲೇ ಕೆಟ್ಟಿದೆ ಅಂತ ಅವರು ತೋರಿಸಿದರೆ ಏನೂ ಸಿಗುವುದಿಲ್ಲ. ಲಾಗರಿನ ಗೆರೆ, ಬಾಟಲಿಯ ಫೋಟೊ ಇಲ್ಲಿ ಕೆಲಸಕ್ಕೆ ಬರುತ್ತವೆ. ಡಬ್ಬ ತೆಗೆಯುವಾಗಲೇ ಫೋಟೊ ತೆಗೆಯಲು ಅಲ್ಲಿಯವರಿಗೆ ಹೇಳಿಡಿ.

ಯಾರಿಗೆ ಈ ಸೇವೆ ಆಗುತ್ತದೆ? ವಾರಕ್ಕೊಮ್ಮೆಯಾದರೂ 100 ಕೆಜಿ ಕಳಿಸುವ ರೈತರ ಗುಂಪಿಗೆ, ನಮ್ಮಂಥ ಸಣ್ಣ ಪ್ಯಾಕಿಂಗ್ ಮನೆಗಳಿಗೆ ಚೆನ್ನಾಗಿದೆ. ಐಇಸಿ (ಆಮದು ರಫ್ತಿನ ಕೋಡ್), ಕೃಷಿ ಉತ್ಪನ್ನ ರಫ್ತಿನ ಸಂಸ್ಥೆ ಅಪೇಡಾದ ನೋಂದಣಿ, ಫ್ರೋಜನ್ ಆದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಮೊದಲೇ ಮಾಡಿಸಿಕೊಂಡು ಹೋಗಿ. ಮಗಳಿಗೆ ಎರಡು ಕೆಜಿ ಹಿತಕಿದ ಬೇಳೆ ಮುಟ್ಟಿಸಬೇಕು ಅನ್ನುವವರಿಗೆ ಇದು ದುಬಾರಿ. ಊರಿಗೆ ಬಂದು ಹೋಗುವವರು ಯಾರಾದರೂ ಇದ್ದರೆ ಅವರ ಲಗೇಜಿನಲ್ಲೇ ಕಳಿಸಿ. ವಿಮಾನ ಕಂಪನಿ ಒಪ್ಪಿದರೆ ಒಬ್ಬ ಪ್ರಯಾಣಿಕರು ಎರಡೂವರೆ ಕೆಜಿವರೆಗೆ ಡ್ರೈ ಐಸ್ ಒಯ್ಯಬಹುದು. ಆ ದೇಶದೊಳಗೆ ಬೇಳೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಟಿಕೆಟ್ ಬುಕ್ ಮಾಡುವಾಗಲೇ ವಿಮಾನ ಕಂಪನಿಗೆ ಫೋನ್ ಮಾಡಿ ಡ್ರೈ ಐಸಿಗೆ ಒಪ್ಪಿಗೆ ತೆಗೆದುಕೊಳ್ಳಿ, ಕೌಂಟರಿನಲ್ಲಿ ನಿಂತು ಕೇಳಿದರೆ ಡಬ್ಬ ವಾಪಸ್ ಮನೆಗೆ ಬರುತ್ತದೆ.